ಸಹಾಯ ಬೇಕು: ಸಣ್ಣ ಸಸ್ತನಿಗಳ ನಡುವಿನ ಪೈಪೋಟಿಯನ್ನು ಗುರುತಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಇಲಿಗಳಂಥ ಸಣ್ಣ ಸಸ್ತನಿಗಳ ಹಲವು ಪ್ರಭೇದಗಳು ಒಂದೇ ನೆಲೆಯಲ್ಲಿ ಹೇಗೆ ಬಾಳುತ್ತವೆ ಎಂಬ ಬಗ್ಗೆ ಸ್ನಾತಕೋತ್ತರ ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ಒಂದು ವಿಷಯದಲ್ಲಿ ತಿಳಿದವರ ಮಾರ್ಗದರ್ಶನ ಬೇಕಾಗಿದೆ.

ನನ್ನ ಬಳಿ ಇರುವುದು ಬೋನುಗಳಲ್ಲಿ ಸಿಕ್ಕ ಪ್ರಾಣಿಗಳ ಲೆಕ್ಕ ಮಾತ್ರ. ದೊಡ್ಡ ಪ್ರಭೇದ ಹೆಚ್ಚು ಸಿಕ್ಕ ಕಡೆ ಚಿಕ್ಕದು ಕಡಿಮೆ ಸಿಕ್ಕಿದೆ. ಇದನ್ನು ಪೈಪೋಟಿ ಎಂದು ಬರೆದುಬಿಡುವುದು ಸುಲಭ. ಆದರೆ ಒಂದು ಪ್ರಭೇದ ಬಯಲನ್ನೂ ಇನ್ನೊಂದು ಪ್ರಭೇದ ಪೊದೆಯ ಮರೆಯನ್ನೂ ಇಷ್ಟಪಟ್ಟರೂ ಅಂಕಿಗಳು ಹೀಗೆಯೇ ಕಾಣುತ್ತವೆ. ಮೇಲಾಗಿ, ಮೊದಲು ನುಗ್ಗಿದ ದೊಡ್ಡ ಇಲಿ ಬೋನಿನ ಬಾಗಿಲು ಬೀಳಿಸಿಬಿಟ್ಟರೆ, ಆ ರಾತ್ರಿ ಅಲ್ಲಿ ಚಿಕ್ಕದು ಸಿಗುವ ಪ್ರಶ್ನೆಯೇ ಇಲ್ಲ.

ಅಮೆರಿಕದ ಅರಿಜೋನಾದಲ್ಲಿ, ಪೋರ್ಟಲ್ ಬಳಿ, ಪರಿಸರ ವಿಜ್ಞಾನಿ ಜೇಮ್ಸ್ ಬ್ರೌನ್ ಮತ್ತು ಸಹೋದ್ಯೋಗಿಗಳು 1977ರಲ್ಲಿ ಆರಂಭಿಸಿದ ಪ್ರಯೋಗ ಈ ಗೊಂದಲವನ್ನು ನೇರವಾಗಿ ಬಿಡಿಸಿತು. ಬೇಲಿಯಲ್ಲಿ ಚಿಕ್ಕ ಇಲಿಗಳಷ್ಟೇ ನುಸುಳಬಲ್ಲ ಕಿಂಡಿಗಳನ್ನಿಟ್ಟು ಬೀಜ ತಿನ್ನುವ ದೊಡ್ಡ ಗಾತ್ರದ ಕಾಂಗರೂ ಇಲಿಗಳನ್ನು ಹೊರಗಿಟ್ಟಾಗ, ಬೀಜ ತಿನ್ನುವ ಚಿಕ್ಕ ಇಲಿಗಳ ಸಾಂದ್ರತೆ ಸರಾಸರಿ 3.5 ಪಟ್ಟಾಯಿತು, ಕೀಟಗಳನ್ನೂ ತಿನ್ನುವ ಮಿಶ್ರಾಹಾರಿ ಇಲಿಗಳಲ್ಲಿ ಅಂಥ ಏರಿಕೆ ಕಾಣಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಎರಡನೆಯ ಫಲಿತಾಂಶವೇ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಬರೀ ಬೇಲಿಯ ರಕ್ಷಣೆಯಿಂದ ಸಂಖ್ಯೆ ಏರಿದ್ದರೆ ಇವೂ ಹೆಚ್ಚಬೇಕಿತ್ತು.

ಅಂಥ ಬೇಲಿ ಹಾಕುವ ಅನುಕೂಲ ನನಗಿಲ್ಲ. ಪ್ರತಿ ಬೋನಿನ ಸುತ್ತಲಿನ ಸಸ್ಯಹೊದಿಕೆಯ ಅಳತೆಯನ್ನು ಸೇರಿಸಿಕೊಂಡು ವಿಶ್ಲೇಷಿಸಿದರೆ ಸಾಕೇ, ಅಥವಾ ಪೈಪೋಟಿಯ ಮಾತೆತ್ತಲು ಹಲವು ಋತುಗಳ ಏರಿಳಿತವನ್ನು ನೋಡಲೇಬೇಕೇ? ಆಗಲೇ ತುಂಬಿದ ಬೋನುಗಳಿಂದಾಗುವ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿಪಡಿಸುವ ವಿಧಾನ ಬಲ್ಲವರು ಅದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.