ವಾಟ್ಸನ್ನರ ‘ಹನ್ನೆರಡು ಶಿಶುಗಳು’ ಹೇಳಿಕೆಯನ್ನು ತರಗತಿಯಲ್ಲಿ ಹೇಗೆ ವಿವರಿಸಬೇಕು?

ಪ್ರಶ್ನೆ: ಬಿ.ಎಡ್. ಬೋಧಕಿ, ಬಸವನಗುಡಿ

ಕಲಿಕೆಯ ಸಿದ್ಧಾಂತಗಳ ಪಾಠದಲ್ಲಿ ಜಾನ್ ಬಿ. ವಾಟ್ಸನ್ ಬಂದಾಗಲೆಲ್ಲ ನನಗೆ ಅಸಮಾಧಾನ ಉಳಿಯುತ್ತದೆ. ನಾವು ಬಳಸುವ ಕೈಪಿಡಿಯಲ್ಲಿ ಅವರಿಗೆ ಸಿಕ್ಕಿರುವುದು ಎರಡೇ ಸಾಲು: ಅವರು ವರ್ತನಾವಾದದ ಜನಕ, ಆರೋಗ್ಯವಂತ ಹನ್ನೆರಡು ಶಿಶುಗಳನ್ನು ಕೊಟ್ಟರೆ ಯಾವುದನ್ನು ಬೇಕಾದರೂ ವೈದ್ಯನನ್ನಾಗಿಯೋ ವಕೀಲನನ್ನಾಗಿಯೋ ಕಳ್ಳನನ್ನಾಗಿಯೋ ಬೆಳೆಸಬಲ್ಲೆ ಎಂದವರು. ಕಳೆದ ವಾರ ಒಬ್ಬ ವಿದ್ಯಾರ್ಥಿನಿ, ‘ಹಾಗೆ ಬೆಳೆಸಿ ತೋರಿಸಿದರೇ ಮೇಡಂ?’ ಎಂದು ಕೇಳಿದಳು. ಇಲ್ಲ ಎಂದಷ್ಟೇ ಹೇಳಿ ಮುಂದೆ ಹೋದೆ. ಆ ಉತ್ತರ ಸಾಲದೆಂದು ಈಗಲೂ ಅನ್ನಿಸುತ್ತಿದೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಮನೋವಿಜ್ಞಾನ ಅಧ್ಯಾಪಕ, ಮಲ್ಲೇಶ್ವರ

ಉತ್ತರ ವಾಟ್ಸನ್ನರ ಮುಂದಿನ ವಾಕ್ಯದಲ್ಲೇ ಇದೆ. ತಾವು ಆಧಾರಗಳನ್ನು ಮೀರಿ ಮಾತನಾಡುತ್ತಿರುವುದನ್ನು ಅಲ್ಲಿ ಒಪ್ಪಿಕೊಳ್ಳುವ ಅವರು, ಎದುರು ಪಕ್ಷದವರು ಸಾವಿರಾರು ವರ್ಷಗಳಿಂದ ಅದನ್ನೇ ಮಾಡುತ್ತ ಬಂದಿದ್ದಾರೆ ಎನ್ನುತ್ತಾರೆ. ಎದುರು ಪಕ್ಷದವರೆಂದರೆ ಬುದ್ಧಿ, ಗುಣ, ಸಾಮರ್ಥ್ಯಗಳೆಲ್ಲ ರಕ್ತದಲ್ಲೇ ಬರುತ್ತವೆಂದು ನಂಬಿದ್ದವರು. ಹುಟ್ಟಿನಿಂದ ಯೋಗ್ಯತೆ ಅಳೆಯುವುದನ್ನು ತಲೆತಲಾಂತರದಿಂದ ಕಂಡಿರುವ ನಮ್ಮ ನಾಡಿನಲ್ಲಿ ಈ ಭಾಗವನ್ನು ಕತ್ತರಿಸಿ ಪಾಠ ಮಾಡುವುದು ದೊಡ್ಡ ನಷ್ಟ.

ಅವರು 1878ರಲ್ಲಿ ದಕ್ಷಿಣ ಕೆರೊಲಿನಾದ ಹಳ್ಳಿಗಾಡಿನಲ್ಲಿ ಹುಟ್ಟಿ, 1903ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಿಂದ ಬಿಳಿ ಇಲಿಗಳ ಕಲಿಕೆಯ ಮೇಲೆ ಡಾಕ್ಟರೇಟ್ ಪಡೆದರು. ದಾರಿಯನ್ನು ಚೆನ್ನಾಗಿ ಕಲಿತ ಇಲಿಗಳ ಓಣಿಯನ್ನು ಮೊಟಕುಗೊಳಿಸಿದಾಗ ಅವು ಹಳೆಯ ರಭಸದಲ್ಲೇ ಓಡಿ ಬಂದು ಗೋಡೆಗೆ ಢಿಕ್ಕಿ ಹೊಡೆದದ್ದನ್ನು ಅವರೂ ಹಾರ್ವೆ ಕಾರ್ ಅವರೂ 1908ರಲ್ಲಿ ದಾಖಲಿಸಿದರು. ಇಲಿಯ ಮನಸ್ಸಿನಲ್ಲಿ ಏನಿದೆಯೆಂದು ಊಹಿಸದೆಯೇ ಅಭ್ಯಾಸವನ್ನು ಕಣ್ಣಾರೆ ನೋಡಿ ಅಳೆಯಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. 1913ರ ಪ್ರಸಿದ್ಧ ಲೇಖನದಲ್ಲಿ ಅವರು ಅಂತರವಲೋಕನವನ್ನು, ಅಂದರೆ ತನ್ನ ಮನಸ್ಸನ್ನು ತಾನೇ ಒಳಹೊಕ್ಕು ನೋಡಿ ವರದಿ ಮಾಡುವ ವಿಧಾನವನ್ನು, ಬದಿಗಿಟ್ಟು, ವರ್ತನೆಯನ್ನು ಮುಂಗಾಣುವುದು ಮತ್ತು ನಿಯಂತ್ರಿಸುವುದೇ ಮನೋವಿಜ್ಞಾನದ ಗುರಿ ಎಂದರು. ಸಹಸಂಶೋಧಕಿ ರೊಸಾಲಿ ರೇನರ್ ಜೊತೆಗಿನ ಸಂಬಂಧದಿಂದಾಗಿ 1920ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಹುದ್ದೆ ಹೋಯಿತು. ಉಳಿದ ವೃತ್ತಿಜೀವನ ಜಾಹೀರಾತು ಕ್ಷೇತ್ರದಲ್ಲಿ ಕಳೆಯಿತು.

ಉತ್ತರ: ಪೋಷಕಿ, ಬನಶಂಕರಿ

ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಭಯ ಹುಟ್ಟಿಸುವ ಪ್ರಯೋಗಕ್ಕೆ ಒಳಗಾದ ಪುಟ್ಟ ಆಲ್ಬರ್ಟ್‌ನನ್ನು ಮರೆತು ವಾಟ್ಸನ್ನರನ್ನು ನೆನೆಯುವುದು ನ್ಯಾಯವಲ್ಲ. ಆ ಮಗುವಿನ ತಾಯಿ ಆಸ್ಪತ್ರೆಯಲ್ಲಿ ಪರರ ಶಿಶುಗಳಿಗೆ ಹಾಲೂಡುವ ಕೆಲಸದಲ್ಲಿದ್ದವಳು. ಹನ್ನೊಂದು ತಿಂಗಳ ಮಗು ಬಿಳಿ ಇಲಿಯತ್ತ ಕೈ ಚಾಚಿದೊಡನೆ ವಾಟ್ಸನ್ ಮತ್ತು ರೇನರ್ ಅದರ ತಲೆಯ ಹಿಂದೆ ನಾಲ್ಕು ಅಡಿ ಉದ್ದದ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದರು. ಏಳು ಬಾರಿ ಹೀಗಾದ ಮೇಲೆ, ಸದ್ದಿಲ್ಲದೆ ಬರಿಯ ಇಲಿಯನ್ನು ಕಂಡರೂ ಮಗು ಅಳುತ್ತ, ಮೇಜಿನ ಅಂಚಿನಲ್ಲಿ ಹಿಡಿದುಕೊಳ್ಳಬೇಕಾದಷ್ಟು ವೇಗವಾಗಿ ಅಂಬೆಗಾಲಿಟ್ಟು ಓಡಿತು. ಆ ಭಯವನ್ನು ಬಿಡಿಸುವ ಮೊದಲೇ ಮಗು ಆಸ್ಪತ್ರೆಯಿಂದ ಹೊರಟುಹೋಯಿತು.

ಬಿಡಿಸುವ ದಾರಿಯನ್ನು ತೋರಿಸಿದವರು ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಹುಡುಗ ಇಷ್ಟದ ತಿಂಡಿ ತಿನ್ನುತ್ತಿರುವಾಗ, ಅವನ ತುತ್ತು ನಿಲ್ಲದಷ್ಟು ದೂರದಲ್ಲಿ ಪಂಜರದ ಮೊಲವನ್ನಿಟ್ಟು, ದಿನದಿನಕ್ಕೆ ಹತ್ತಿರ ತಂದ ಅವರ ಕೆಲಸ 1924ರಲ್ಲಿ ಪ್ರಕಟವಾಯಿತು. ನನ್ನ ಮಗಳು ಬೀದಿನಾಯಿಗೆ ಹೆದರಿ ಶಾಲೆಯ ವ್ಯಾನಿನವರೆಗೂ ನಡೆಯಲು ಒಪ್ಪದಿದ್ದಾಗ, ಆಪ್ತಸಮಾಲೋಚಕಿಯೊಬ್ಬರ ಸಲಹೆಯಂತೆ ಬಾಲ್ಕನಿಯಲ್ಲಿ ಮೊಸರನ್ನ ತಿನ್ನಿಸುತ್ತ, ಬೀದಿಯ ಕೊನೆಯಲ್ಲಿ ಮಲಗಿದ್ದ ನಾಯಿಯನ್ನು ತೋರಿಸುವುದರಿಂದ ಆರಂಭಿಸಿದೆವು. ಗೇಟಿನ ತನಕ ಬರಲು ಎರಡು ತಿಂಗಳು ಹಿಡಿಯಿತು.

ಉತ್ತರ: ಗ್ರಂಥಪಾಲಕ, ಜಯನಗರ

ಶಿಶುಪಾಲನೆಯ ಬಗ್ಗೆ ಅವರು 1928ರಲ್ಲಿ ಬರೆದ ಪುಸ್ತಕವನ್ನೂ ಹೇಳಬೇಕು. ಮಕ್ಕಳನ್ನು ಅಪ್ಪಿ ಮುದ್ದಿಸಬೇಡಿ, ಮಡಿಲಲ್ಲಿ ಕೂರಿಸಿಕೊಳ್ಳಬೇಡಿ, ಬೆಳಿಗ್ಗೆ ಕೈಕುಲುಕಿ ಎಂದು ಅದರಲ್ಲಿ ಉಪದೇಶಿಸಿದ್ದಾರೆ. ಕಾಲು ನೀಡಿ ಕುಳಿತ ಅಜ್ಜಿಯ ಮೊಣಕಾಲುಗಳ ಮೇಲೆ ಎಣ್ಣೆ ತಿಕ್ಕಿಸಿಕೊಂಡು ಬೆಳೆದ ನನಗೆ ಅದನ್ನು ಓದಿ ನೋವಾಯಿತು. ತಮಗೆ ಸಾಕಷ್ಟು ತಿಳಿಯದೆ ಬರೆದೆನೆಂದು 1936ರಲ್ಲಿ ಅವರೇ ವಿಷಾದಿಸಿದ್ದಾರೆ.

ಬಿ.ಎಡ್. ಬೋಧಕಿ, ಬಸವನಗುಡಿ

ಮೂವರಿಗೂ ಕೃತಜ್ಞತೆಗಳು. ಮುಂದಿನ ತರಗತಿಯಲ್ಲಿ ಆ ಹೇಳಿಕೆಯನ್ನು ಪೂರ್ತಿಯಾಗಿ ಬೋರ್ಡಿನ ಮೇಲೆ ಬರೆಯುತ್ತೇನೆ. ಆಲ್ಬರ್ಟ್ ಮತ್ತು ಪೀಟರ್ ಇಬ್ಬರನ್ನೂ ಒಟ್ಟಿಗೆ ಪರಿಚಯಿಸುತ್ತೇನೆ. ಪೀಟರ್‌ನ ಭಯ ನಡುವೆ ಮರುಕಳಿಸಲಿಲ್ಲವೇ?

ಪೋಷಕಿ, ಬನಶಂಕರಿ

ಮರುಕಳಿಸಿತ್ತು. ಹೆದರದ ಮಕ್ಕಳ ಜೊತೆಗೆ ಆಡಿಸಿ ಮೊದಲು ಅವನನ್ನು ಸುಧಾರಿಸಿದ್ದರು. ಆಮೇಲೆ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ್ದ ಅವನು ಹೊರಬಂದು ಟ್ಯಾಕ್ಸಿ ಹತ್ತುವಾಗ ದೊಡ್ಡ ನಾಯಿಯೊಂದು ಮೇಲೆರಗಿ, ಎಲ್ಲವೂ ಮೊದಲಿನ ಸ್ಥಿತಿಗೆ ಬಂದಿತು. ತಿಂಡಿಯ ವಿಧಾನ ಆರಂಭವಾದದ್ದು ಅದರ ನಂತರ. ಕೊನೆಗೆ ಮೊಲ ತನ್ನ ಬೆರಳುಗಳನ್ನು ಮೆಲ್ಲನೆ ಕಡಿಯುತ್ತಿದ್ದರೂ ಅವನು ಕೈ ಹಿಂತೆಗೆಯಲಿಲ್ಲ.