ಸಿಂಪ್ಲೆಕ್ಸ್ ಡಿರೇಲರ್ ಸೀಳಿದೆ: ಅದೇ ಬಿಡಿಭಾಗ ಹುಡುಕಲೋ, ಬೇರೆಯದು ಹಾಕಲೋ?

ಪ್ರಶ್ನೆ
1970ರ ದಶಕದ ಫ್ರೆಂಚ್ ಸೈಕಲ್ಲು. ಹಿಂದೆ 5 ಗೇರು (14ರಿಂದ 28 ಹಲ್ಲು), ಮುಂದೆ 52 ಮತ್ತು 40 ಹಲ್ಲಿನ ಎರಡು ಚಕ್ರ. ಹಿಂದಿನ ಸಿಂಪ್ಲೆಕ್ಸ್ ಪ್ರೆಸ್ಟೀಜ್ ಡಿರೇಲರಿನ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಪ್ಲಾಸ್ಟಿಕ್ ಮೈ ಪಿವಟ್ (ತಿರುಗುವ ಕೀಲು) ಹತ್ತಿರ ಸೀಳಿದೆ, ಚೈನು ಹಾಯುವ ಪುಲ್ಲಿಗಳೂ ಸವೆದಿವೆ. ಲಿವರ್ ಚೆನ್ನಾಗಿದೆ. ಅಂಟು ಹಾಕಿ ಉಳಿಸಬಹುದೇ? ಇಲ್ಲದಿದ್ದರೆ ಯಾವುದು ಕೂರುತ್ತದೆ?

ಹಳೇಚೈನು
ಅಂಟು ಬೇಡ. ಅದು ಡೆಲ್ರಿನ್ ಎಂಬ ಪ್ಲಾಸ್ಟಿಕ್, ಅಂಟು ಅದಕ್ಕೆ ಕಚ್ಚುವುದೇ ಇಲ್ಲ. ಅದೇ ಮಾದರಿ ಸಿಕ್ಕರೂ ಅದರ ಪ್ಲಾಸ್ಟಿಕ್ಕಿಗೂ ಅಷ್ಟೇ ವಯಸ್ಸಾಗಿರುತ್ತದೆ. ಪೂರ್ತಿ ಲೋಹದ್ದಕ್ಕೆ ಹೋಗಿ.

ಮೊದಲು ಡಿರೇಲರ್ ಬಿಚ್ಚಿ, ಅದು ಯಾವುದಕ್ಕೆ ಕೂತಿದೆ ನೋಡಿ. ಡ್ರಾಪ್‌ಔಟಿಗೆ (ಹಿಂಚಕ್ರದ ಅಚ್ಚು ಕೂರುವ ಫ್ರೇಮಿನ ತುದಿ) ಬೋಲ್ಟು ಹಾಕಿದ ಬಿಡಿ ಪಟ್ಟಿಯಾದರೆ ಕೆಲಸ ಸುಲಭ: ಅದನ್ನು ತೆಗೆದು ಎಂ10×1 (10 ಮಿ.ಮೀ. ವ್ಯಾಸ, 1 ಮಿ.ಮೀ. ಅಂತರದ) ಥ್ರೆಡ್ಡಿನ ಪಟ್ಟಿ ಹಾಕಿ. ಹ್ಯಾಂಗರ್ (ಡಿರೇಲರ್ ತೂಗುವ ಕಿವಿ) ಫ್ರೇಮಿನದೇ ಭಾಗವಾದರೆ ರಂಧ್ರವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯಿರಿ. ಸಿಂಪ್ಲೆಕ್ಸ್ ಹ್ಯಾಂಗರಿನಲ್ಲಿ ಸಾಮಾನ್ಯವಾಗಿ ಥ್ರೆಡ್ ಇಲ್ಲದ 9 ಮಿ.ಮೀ. ರಂಧ್ರವಿರುತ್ತದೆ.

ನಿಮ್ಮ ಗೇರಿಗೆ ಬೇಕಾದ ಸಾಮರ್ಥ್ಯ, ಅಂದರೆ ಡಿರೇಲರ್ ಎಳೆದಿಡಬೇಕಾದ ಚೈನಿನ ಸಡಿಲ, (52−40)+(28−14), ಅಂದರೆ 26 ಹಲ್ಲು. ರೇಸಿನ ಗಿಡ್ಡ ಕೇಜ್ (ಎರಡು ಪುಲ್ಲಿಗಳನ್ನು ಹಿಡಿದ ಚೌಕಟ್ಟು) ಸಾಲದೇ ಹೋಗಬಹುದು. ನನ್ನ ಆಯ್ಕೆ ಸನ್‌ಟೂರ್ ವಿ-ಜಿಟಿ. ಅದರ ಓರೆ ಪ್ಯಾರಲಲೋಗ್ರಾಂ (ಓರೆಯಾಗಿ ಚಲಿಸುವ ನಾಲ್ಕು ಕೀಲಿನ ಮೈ) ಮೇಲಿನ ಪುಲ್ಲಿಯನ್ನು ಪ್ರತಿ ಹಲ್ಲುಚಕ್ರಕ್ಕೂ ಹತ್ತಿರವೇ ಇಡುತ್ತದೆ. ಆ ಕಾಲದ ಬಹುತೇಕ ಡಿರೇಲರುಗಳಿಗಿಂತ ಗೇರು ಚೊಕ್ಕವಾಗಿ ಬೀಳುತ್ತದೆ. ನಿಮ್ಮದು ಫ್ರಿಕ್ಷನ್ ಲಿವರ್ (ಗೇರಿಗೊಂದು ಖಚಿತ ನಿಲುಗಡೆಯಿಲ್ಲದೆ ಬರೀ ಘರ್ಷಣೆಯಿಂದ ನಿಲ್ಲುವುದು), ಹಾಗಾಗಿ ಹೊಂದಾಣಿಕೆಯ ತಲೆನೋವಿಲ್ಲ.

ಹಳೆಯದನ್ನು ಕೊಳ್ಳುವಾಗ ಕೇಜಿನ ಕೆಳತುದಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಲೊಡಲೊಡ ಅಂದರೆ ಪಿವಟ್ ಸವೆದಿದೆ, ಅದು ರಿಪೇರಿಯಾಗದು. ಮೈಯನ್ನು ಒಳಕ್ಕೆ ಒತ್ತಿ ಬಿಟ್ಟರೆ ಫಟ್ಟನೆ ಮರಳಬೇಕು. ನಿಧಾನಕ್ಕೆ ಬಂದರೆ ಬರೀ ಒಣಗಿದ ಗ್ರೀಸಿರಬಹುದು. ಸೀಮೆಎಣ್ಣೆಯಲ್ಲಿ ನೆನೆಸಿ ನೋಡಿ.

ವರ್ನಿಯರ್
ಪುಲ್ಲಿ ಬಗ್ಗೆ: ಹಳೆಯವು ಹೆಚ್ಚಾಗಿ 10 ಹಲ್ಲಿನವು. ಹೊಸ 11 ಹಲ್ಲಿನದು ಕೆಲವು ಕೇಜಿನ ಒಳಬದಿಗೆ ಉಜ್ಜುತ್ತದೆ. ಬೋಲ್ಟಿನ ವ್ಯಾಸ, ಬುಷ್ಷಿನ (ಪುಲ್ಲಿಯೊಳಗಿನ ಕೊಳವೆ) ಉದ್ದ, ಕೇಜಿನ ಎರಡು ತಗಡುಗಳ ನಡುವಿನ ಅಂತರ ಅಳೆದೇ ತರಿಸಿ. ಬುಷ್ ಪುಲ್ಲಿಗಿಂತ ಕೂದಲೆಳೆಯಷ್ಟು ಉದ್ದವಿರಬೇಕು; ಇಲ್ಲವಾದರೆ ಬೋಲ್ಟು ಬಿಗಿದೊಡನೆ ಪುಲ್ಲಿ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು
ಹ್ಯಾಂಗರ್ ಫ್ರೇಮಿನದೇ. ರಂಧ್ರ 9 ಮಿ.ಮೀ., ಥ್ರೆಡ್ ಇಲ್ಲ. ಈಗೇನು ಮಾಡಲಿ?

ಹಳೇಚೈನು
ಒಳ್ಳೆಯದೇ ಆಯಿತು. ಎಂ10×1 ಟ್ಯಾಪಿಗೆ (ರಂಧ್ರದೊಳಗೆ ಥ್ರೆಡ್ ಕೊರೆಯುವ ಉಪಕರಣ) ಬೇಕಾದ ರಂಧ್ರವೂ 9 ಮಿ.ಮೀ., ಡ್ರಿಲ್ ಮಾಡುವುದೇ ಬೇಡ. ಎಣ್ಣೆ ಬಿಟ್ಟು, ಹೊರಬದಿಯಿಂದ ನೇರವಾಗಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸಿ. ಟ್ಯಾಪ್ ವಾಲಿದರೆ ಡಿರೇಲರೂ ವಾಲುತ್ತದೆ. ಆಮೇಲೆ ಡಿರೇಲರಿನ ತಡೆಕೊಕ್ಕೆ ಆನಿಕೊಳ್ಳಲು, ಬಲಬದಿಯಿಂದ ನೋಡಿದಾಗ ಹ್ಯಾಂಗರಿನಲ್ಲಿ ಗಡಿಯಾರದ 7ರ ಜಾಗದಲ್ಲಿ ಮೆಟ್ಟಿಲಿದೆಯೇ ನೋಡಿ. ಇಲ್ಲದಿದ್ದರೆ ಡಿರೇಲರ್ ಮುಂದಕ್ಕೆ ತಿರುಗಿ ಚೈನು ಜೋಲುತ್ತದೆ. ಅರದಿಂದ ಸ್ವಲ್ಪಸ್ವಲ್ಪ ಉಜ್ಜಿ, ಪ್ರತಿ ಸಲ ಕೂರಿಸಿ ನೋಡಿ ಮೆಟ್ಟಿಲು ಮಾಡಿ.

ವರ್ನಿಯರ್
ಚೈನು 8 ಸ್ಪೀಡಿನದು ಸಾಕು. ಡಿರೇಲರಿನೊಳಗೆ ತೂರಿಸದೆ ಮುಂದಿನ, ಹಿಂದಿನ ಅತಿ ದೊಡ್ಡ ಹಲ್ಲುಚಕ್ರಗಳಿಗೆ ಸುತ್ತಿ, ಎರಡು ಕೊಂಡಿ ಹೆಚ್ಚು ಬಿಟ್ಟು ಕತ್ತರಿಸಿ. ಕೇಬಲ್ ಕಟ್ಟುವ ಮೊದಲೇ ಚಿಕ್ಕ ಹಲ್ಲುಚಕ್ರದ ಕಡೆಯ ಲಿಮಿಟ್ ಸ್ಕ್ರೂ (ಡಿರೇಲರ್ ಎಷ್ಟು ದೂರ ಹೋಗಬಹುದೆಂದು ತಡೆಯುವುದು) ಹೊಂದಿಸಿ. ಒಳಬದಿಯದನ್ನು ಸೈಕಲ್ ಎತ್ತಿ ಹಿಡಿದು, ಪೆಡಲು ಕೈಯಲ್ಲಿ ತಿರುಗಿಸುತ್ತಾ ಹೊಂದಿಸಿ; ಅದು ತಪ್ಪಿದರೆ ಕೇಜ್ ಕಡ್ಡಿಗಳಿಗೆ ಸಿಕ್ಕಿ ಚಕ್ರ, ಡಿರೇಲರ್ ಎರಡೂ ಹೋಗುತ್ತವೆ.