ಫ್ಲಾರೆನ್ಸ್‌ನಲ್ಲಿ ಒಳ್ಳೆ ಜೆಲಾಟೊ (ಇಟಲಿಯ ಐಸ್‌ಕ್ರೀಮ್) ಎಲ್ಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಮ್ಮನನ್ನು ಕರೆದುಕೊಂಡು ಫ್ಲಾರೆನ್ಸ್‌ಗೆ ಹೋಗುತ್ತಿದ್ದೇನೆ. ಇರೋದು ಮೂರೇ ದಿನ. ಮ್ಯೂಸಿಯಂ ಲಿಸ್ಟ್ ರೆಡಿ, ಜೆಲಾಟೊ ಲಿಸ್ಟ್ ಇಲ್ಲ!

ಹೋದ ಸಲ ಪೊಂಟೆ ವೆಕ್ಕಿಯೊ ಸೇತುವೆ ಹತ್ತಿರ ಬೇಸ್ತು ಬಿದ್ದೆ. ಗುಡ್ಡದ ಹಾಗೆ ಪೇರಿಸಿಟ್ಟ ಗಿಳಿಹಸಿರು ಪಿಸ್ತಾ ನೋಡಿ, ರೇಟೂ ಕೇಳದೆ ದೊಡ್ಡ ಕೋನ್ ತಗೊಂಡೆ. ಬಾಯಿಗಿಟ್ಟರೆ ಬರೀ ಸಕ್ಕರೆ, ಎಸೆನ್ಸ್. ಅಸಲಿ ಪಿಸ್ತಾ ಮಂಕು ಹಸಿರು, ಸ್ವಲ್ಪ ಕಂದು ಇರುತ್ತದೆ ಅಂತ ಆಮೇಲೆ ಗೊತ್ತಾಯಿತು. ಮುಚ್ಚಳ ಹಾಕಿದ ಸ್ಟೀಲ್ ಡಬ್ಬದಲ್ಲಿ ಇಟ್ಟಿದ್ದರೆ ಒಳ್ಳೆಯ ಲಕ್ಷಣವಂತೆ.

ಸದ್ಯಕ್ಕೆ ಸಾಂತಾ ಕ್ರೋಚೆ ಚರ್ಚ್ ಹತ್ತಿರದ ವಿವೋಲಿ, 1939ರಿಂದ ಇರುವ ಪೆರ್ಕೆ ನೋ, ಮತ್ತೆ ವಿಯಾ ದೇಯಿ ನೇರಿ ಬೀದಿಯ ಅಂಗಡಿ ಗುರುತು ಹಾಕಿಕೊಂಡಿದ್ದೇನೆ. ಯಾವುದು ಕ್ಯೂ ನಿಲ್ಲುವಷ್ಟು ಚೆನ್ನಾಗಿದೆ? ನದಿಯ ಆಚೆ ದಡದಲ್ಲಿ ಜನ ಕಡಿಮೆ ಇರುವ ಅಂಗಡಿ ಗೊತ್ತಿದ್ದರೆ ಇನ್ನೂ ಖುಷಿ.

ಮುಖ್ಯ ವಿಷಯ: ಅಮ್ಮ ಮೊಟ್ಟೆ ತಿನ್ನಲ್ಲ. ಕ್ರೆಮಾ ಅನ್ನೋ ಫ್ಲೇವರ್‌ನಲ್ಲಿ ಮೊಟ್ಟೆಯ ಹಳದಿ ಇರುತ್ತದೆ, ಅದು ಬೇಡ. ಹಾಲಿನ ಫಿಯೋರ್ ದಿ ಲಾತ್ತೆ, ನಿಂಬೆ ಸೋರ್ಬೆತ್ತೊ (ಹಾಲಿಲ್ಲದ, ಹಣ್ಣಿನ ರಸದ ಐಸ್) ಸಾಮಾನ್ಯವಾಗಿ ಪರವಾಗಿಲ್ಲ ಅಲ್ವಾ? ಇಟಾಲಿಯನ್‌ನಲ್ಲಿ 'ಸೆಂತ್ಸಾ ವೋವಾ' (ಮೊಟ್ಟೆ ಇಲ್ಲದ್ದು) ಅಂತ ಕೇಳಿದರೆ ಸರಿಯಾಗಿ ನೋಡಿ ಹೇಳುವ ಅಂಗಡಿ ಯಾವುದು? ಹೋಗಿ ಬಂದವರು ದಯವಿಟ್ಟು ತಿಳಿಸಿ.